ಹದಿನೇಳನೇ ನಂಬರಿನ ಹೊಲ

ಹಾವು ಕಚ್ಚಬಹುದಿತ್ತು. ಗಾಜಿನ ಚೂರು ಕಾಲಿಗೆ ಹೊಕ್ಕು ಧನುರ್ವಾಯು ಆಗಬಹುದಿತ್ತು. ಕರಾರುಪತ್ರಕ್ಕೆ ಸಹಿ ಹಾಕಿಸಿಕೊಂಡ ಸಂಘದವರು ಮರುದಿನವೇ ಬೋರ್ಡು ಕಿತ್ತುಕೊಂಡು ಮಾಯವಾಗಬಹುದಿತ್ತು. ಅಥವಾ ಆ ಜಾಗ ಇನ್ಯಾರದೋ ಆಗಿದ್ದು, ಅವರು ಕೋರ್ಟಿನಿಂದ ಅಮೀನನನ್ನು ಕರೆತಂದು, ಕುರ್ಪಿ ಹಿಡಿದು ಕುಕ್ಕರುಗಾಲಿನಲ್ಲಿ ಕೂತ ನನ್ನ ಮಣ್ಣು ಕೈಗೆ ನೋಟೀಸು ಕೊಡಿಸಬಹುದಿತ್ತು. ಬೋರು ಬತ್ತಬಹುದಿತ್ತು. ಬೈಪಾಸಿನಲ್ಲಿ ಹೋಗುವ ಲಾರಿಯೊಂದು ಬೇಲಿ ಮುರಿದುಕೊಂಡು ಬಂದು ನನ್ನ ಮೂಲಂಗಿಯ ಮೇಲೆ ಮಲಗಬಹುದಿತ್ತು. ಹುಚ್ಚುನಾಯಿ, ಹಂದಿ, ಇಲಿಜ್ವರ, ಸಿಡಿಲು, ಬೆನ್ನುಹುರಿ. ಐವತ್ತೊಂದನೇ ವಯಸ್ಸಿನಲ್ಲಿ ಮೊದಲ ಸಲ ಗುದ್ದಲಿ ಎತ್ತಿದ ಗಂಡಸು ಅಲ್ಲಿಯೇ ಎದೆ ಹಿಡಿದುಕೊಂಡು ಕೂತ ಎಂಬ ಸುದ್ದಿಯನ್ನು ಯಾರು ಓದಿಲ್ಲ? ಇವೆಲ್ಲವನ್ನೂ ಒಂದು ಹಾಳೆಯ ಮೇಲೆ ಕ್ರಮಸಂಖ್ಯೆ ಹಾಕಿ ಬರೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೆ. ನನ್ನ ಹೆಂಡತಿ ಶಾಂತಾ ಅದನ್ನು ನಿಂತು ಪೂರ್ತಿ ಓದಿ, ಕೊನೆಗೆ ಪೆನ್ಸಿಲಿನಲ್ಲಿ ಇನ್ನೊಂದು ಅಪಾಯ ಸೇರಿಸಿದ್ದಳು: "ಬೆಳಿ ಬರಬಹುದು."

ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯಿಂದ ಜನರಿಗೆ ಬಾಲ್ಯ ನೆನಪಾಗುತ್ತದಂತೆ, ಹಳೆಯ ಪ್ರೀತಿ ನೆನಪಾಗುತ್ತದಂತೆ. ನನಗೆ ಡೈಪರು ನೆನಪಾಗುತ್ತದೆ. ಮೊನ್ನೆ ಕಂಪನಿಯ ಬಸ್ಸು ಊರೊಳಗಿನ ಸಂದಣಿ ತಪ್ಪಿಸಲು ಬೈಪಾಸು ಹಿಡಿದಿತ್ತು. ಗಬ್ಬೂರ ಹತ್ತಿರ ಬರುವಾಗ ಮಳೆ ಶುರುವಾಯಿತು. ಬಸ್ಸಿನೊಳಗೆ ಎಲ್ಲರೂ ಮೂಗು ಅರಳಿಸಿ "ಆಹಾ, ಏನು ಘಮ" ಎನ್ನುತ್ತಿದ್ದಾಗ ನಾನೊಬ್ಬ ಕರವಸ್ತ್ರ ಹುಡುಕುತ್ತಿದ್ದೆ. ಹಸಿ ಎರೆಮಣ್ಣಿನ ವಾಸನೆಯ ಅಡಿಯಲ್ಲಿ, ಗೊತ್ತಿದ್ದವರಿಗೆ ಮಾತ್ರ ಸಿಗುವ ಇನ್ನೊಂದು ವಾಸನೆ ಇರುತ್ತದೆ. ಮೂರು ವರ್ಷದ ಹಿಂದೆ ಒಂದು ಇಡೀ ಮಳೆಗಾಲ ನಾನು ಆ ವಾಸನೆಯ ಬಾಡಿಗೆದಾರನಾಗಿದ್ದೆ.

ಹೇಸಿಕೊಳ್ಳುವುದು ನನಗೆ ಹುಟ್ಟುಗುಣ. ಹೋಟೆಲಿನ ಗ್ಲಾಸನ್ನು ಬೆಳಕಿಗೆ ಹಿಡಿದು ನೋಡದೆ ನೀರು ಕುಡಿದವನಲ್ಲ. ಮದುವೆ ಮನೆಯಲ್ಲಿ ಪಂಕ್ತಿಗೆ ಕೂರುವ ಮೊದಲು ಅಡುಗೆ ಮಾಡುವ ಕಡೆ ಒಮ್ಮೆ ಹಣಕಿ ಬರುತ್ತೇನೆ. ಅದರಿಂದಾಗಿ ಎಷ್ಟೋ ಮದುವೆಗಳಲ್ಲಿ ಉಪವಾಸ ಬಿದ್ದಿದ್ದೇನೆ. ಉದ್ಯೋಗವೂ ಗುಣಕ್ಕೆ ತಕ್ಕದ್ದೇ ಸಿಕ್ಕಿದೆ. ನಮ್ಮ ಬೈಪಾಸಿನಾಚೆಯ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ಮುಂದೆ ಸಾಗಿಬರುವ ಬಿಡಿಭಾಗಗಳಲ್ಲಿ ಕೂದಲೆಳೆಯಷ್ಟು ದೋಷ ಇದ್ದುದಕ್ಕೂ ಕೆಂಪು ಚೀಟಿ ಅಂಟಿಸಿ ಪಕ್ಕಕ್ಕೆ ಒಗೆಯುವುದು. ಇಪ್ಪತ್ತೆರಡು ವರ್ಷ ಒಗೆದಿದ್ದೇನೆ. ಕೈ ಪಳಗಿದೆ.

ನಮ್ಮ ಕಡೆ ಜೋಳದ ರೊಟ್ಟಿಯ ಜೊತೆಗೆ ಹಸಿ ತಪ್ಪಲು ಬೇಕೇ ಬೇಕು. ಹಕ್ಕರಕಿ, ಮೆಂತ್ಯ, ಮೂಲಂಗಿಯ ಎಲೆ, ಉಳ್ಳಾಗಡ್ಡಿಯ ತಪ್ಪಲು, ಏನಾದರೂ ಸರಿ, ಬೇಯಿಸದೆ, ಹೆಚ್ಚದೆ, ಹಾಗೆಯೇ ಮುರಿದು ಬಾಯಿಗೆ. ಸೊಪ್ಪು ಬೇಯಿಸಿ ತಿನ್ನುವ ಊರಿನವರಿಗೆ ನನ್ನ ಸಂಕಟದ ಅರ್ಧ ತಿಳಿಯಲಾರದು. ಬೆಂಕಿ ಕಂಡ ಎಲೆಯ ಮೇಲೆ ಸ್ವಲ್ಪವಾದರೂ ನಂಬಿಕೆ ಇಡಬಹುದು. ಹಸಿ ಎಲೆ ಎಂದರೆ ಹಾಗಲ್ಲ. ಅದನ್ನು ತೊಳೆದ ನೀರನ್ನೂ ನಾವು ತಿನ್ನುತ್ತೇವೆ.

ಕಮರಿಪೇಟೆಯ ನಮ್ಮ ಓಣಿಗೆ ಹತ್ತು ವರ್ಷದಿಂದ ತಪ್ಪಲು ತರುತ್ತಿದ್ದವಳು ಗಂಗವ್ವ. ಅರವತ್ತರ ಹೆಂಗಸು, ತಲೆಯ ಮೇಲೆ ಬುಟ್ಟಿ, ಬುಟ್ಟಿಯ ಮೇಲೆ ಒದ್ದೆ ಗೋಣಿತಟ್ಟು. ಒಂದು ದಿನ ಕಂಪನಿಯ ಬಸ್ಸು ತಪ್ಪಿ, ಬೈಕಿನಲ್ಲಿ ಬೈಪಾಸು ಹಿಡಿಯಲು ಗಬ್ಬೂರ ಕಡೆಯಿಂದ ಹೊರಟಿದ್ದೆ. ರಸ್ತೆಯ ಕೆಳಗೆ, ಊರಿನ ಕೊಳೆಯೆಲ್ಲ ಹರಿದು ಬರುವ ದೊಡ್ಡ ಗಟಾರದ ದಂಡೆಯಲ್ಲಿ ಗಂಗವ್ವ ಕೂತಿದ್ದಳು. ಮೆಂತ್ಯದ ಸಿವುಡುಗಳನ್ನು ಒಂದೊಂದಾಗಿ, ಕೂಸಿಗೆ ಎರೆಯುವಷ್ಟು ಅಕ್ಕರೆಯಿಂದ, ಆ ನೀರಿನಲ್ಲಿ ಅದ್ದಿ ಅದ್ದಿ ತೊಳೆಯುತ್ತಿದ್ದಳು. ನೀರಿನ ಬಣ್ಣ ನಮ್ಮ ಕಾರ್ಖಾನೆಯ ಸುಟ್ಟ ಎಣ್ಣೆಯದು. ಹಿಂದಿನ ದಿನವಷ್ಟೇ ಅವಳ ಮೆಂತ್ಯವನ್ನು ಎರಡು ರೊಟ್ಟಿಯ ಜೊತೆ ತಿಂದು, "ಇವತ್ತ ಮೆಂತೆ ಭಾಳ ಛಲೋ ಐತಿ" ಎಂದಿದ್ದೆ. ಬೈಕು ನಿಲ್ಲಿಸಿ ವಾಂತಿ ಮಾಡಿಕೊಂಡೆ. ಬಾಯಿ ಒರೆಸಿಕೊಂಡು ಫೋಟೋ ತೆಗೆದೆ. ಅಲ್ಲಿಂದಲೇ ಓಣಿಯ ವಾಟ್ಸಾಪ್ ಗುಂಪಿಗೆ ಹಾಕಿದೆ: "ನಾವು ತಿನ್ನುವುದು ಏನೆಂದು ನೋಡಿರಿ."

ಸಂಜೆ ಶಾಂತಾ ಊಟಕ್ಕೆ ಕೂತ ಮೇಲೆ ಕೇಳಿದಳು, "ಆಕಿ ಹೆಸರ ಯಾಕ ಹಾಕಿದ್ರಿ?"

"ಹೆಸರ ಎಲ್ಲಿ ಹಾಕೇನಿ? ಮುಖ ಬಂದೈತಿ, ಅಷ್ಟ."

"ಅಷ್ಟ," ಎಂದಳು ಅವಳು.

ಒಂದು ವಾರದೊಳಗೆ ಓಣಿಯ ಬಾಗಿಲುಗಳು ಗಂಗವ್ವನಿಗೆ ಮುಚ್ಚಿದವು. ಅವಳ ಕೂಗೂ ನಿಂತಿತು. ನಮ್ಮ ಮನೆಯಲ್ಲಿ ನಾನು ಹಸಿ ತಪ್ಪಲನ್ನೇ ನಿಷೇಧಿಸಿದೆ. ಶಾಂತಾ ನವಲಗುಂದದ ಕಡೆಯ ಹೊಲಮನೆಯಲ್ಲಿ ಬೆಳೆದವಳು. ಹಕ್ಕರಕಿ ಇಲ್ಲದ ರೊಟ್ಟಿ ಅವಳ ಗಂಟಲಲ್ಲಿ ಇಳಿಯುವುದಿಲ್ಲ. ಎರಡು ರೊಟ್ಟಿ ಒಂದಾಯಿತು, ಒಂದು ಅರ್ಧವಾಯಿತು. ಬಟಾಟಿ ಪಲ್ಯವನ್ನು ಅವಳು ಜೈಲಿನ ಊಟದ ಹಾಗೆ ನೋಡುತ್ತಿದ್ದಳು. ಮೇ ತಿಂಗಳಲ್ಲಿ ಅವಳ ಬಳೆ ಮೊಳಕೈತನಕ ಸರಿಯತೊಡಗಿದಾಗ ನನಗೆ ಹೆದರಿಕೆಯಾಯಿತು. ತಪ್ಪಲನ್ನು ನಾನೇ ಬೆಳೆದು ಕೊಡುತ್ತೇನೆ ಎಂದುಬಿಟ್ಟೆ. ಗಬ್ಬೂರಿನಾಚೆ, ಮನೆಗಳು ಇನ್ನೂ ಏಳದ ಒಂದು ಹೊಸ ಬಡಾವಣೆಯ ಸಂಘದವರು ತಮ್ಮ ಖಾಲಿ ಜಾಗಕ್ಕೆ ಬೇಲಿ ಹಾಕಿ, ನಲವತ್ತು ತುಣುಕು ಮಾಡಿ, ಪೇಟೆಯವರಿಗೆ ಕಾಯಿಪಲ್ಲೆ ಬೆಳೆಯಲು ವರ್ಷದ ಬಾಡಿಗೆಗೆ ಕೊಡುತ್ತಿದ್ದ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು.

ಶಾಂತಾ ನಗಲಿಲ್ಲ. ಷರತ್ತು ಹಾಕಿದಳು. "ಆತು. ಸೀಗಿ ಹುಣ್ಣಿವಿ ತನಕಾ ತಡೀತೇನಿ. ಹುಣ್ಣಿವಿ ದಿನ ನಿಮ್ಮ ಹೊಲದ ಹಸಿ ತಪ್ಪಲ ನನ್ನ ತಾಟಿನ್ಯಾಗ ಬಿದ್ರ ನೀವು ಗೆದ್ರಿ. ಬೀಳಲಿಲ್ಲ, ಗಂಗವ್ವನ ಬುಟ್ಟಿ ಮತ್ತ ನಮ್ಮ ಬಾಗಲಿಗೆ ಬರತೈತಿ. ನೀವs ಹೋಗಿ ಕರಕೊಂಡು ಬರಬೇಕು. ಆಮ್ಯಾಲೆ ಫೋಟೋ ಇಲ್ಲ, ಪಂಚನಾಮಿ ಇಲ್ಲ, ಸುಮ್ಮನ ತಿನ್ನಬೇಕು."

ಒಪ್ಪಿದೆ. ದಸರೆ ಮುಗಿದು ಬರುವ ಆ ಹುಣ್ಣಿಮೆಗೆ ಇನ್ನೂ ಐದು ತಿಂಗಳಿತ್ತು. ಹೆಸರು ಪಾಟೀಲ; ಆದರೆ ಮೂರು ತಲೆಮಾರಿನಿಂದ ನಮ್ಮ ಮನೆತನಕ್ಕೆ ಇದ್ದ ಭೂಮಿಯೆಂದರೆ ತುಳಸಿಕಟ್ಟೆಯದು.

ಸಂಘದ ಕಾರ್ಯದರ್ಶಿ ಕಾಂಬಳೆ ಸರ್, ನಿವೃತ್ತ ಮುಖ್ಯೋಪಾಧ್ಯಾಯರು. ತಗಡಿನ ಶೆಡ್ಡಿನಲ್ಲಿ ಒಂದು ಬುದ್ಧನ ಪಟ, ಒಂದು ಕರಿಹಲಗೆ, ಹಲಗೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ನಿಯಮಗಳು. ನಾನು ಕರಾರುಪತ್ರವನ್ನು ಮೂರು ಸಲ ಓದಿ, ಏಳು ಪ್ರಶ್ನೆ ಕೇಳಿದೆ. ಪ್ರವಾಹ ಬಂದರೆ ಯಾರ ಹೊಣೆ ಎಂಬುದು ಏಳನೆಯದು.

"ಪಾಟೀಲರ," ಎಂದರು ಕಾಂಬಳೆ ಸರ್, "ನಲವತ್ತು ವರ್ಷ ಸಾಲಿ ಮಾಸ್ತರಿಕಿ ಮಾಡೇನಿ. ಪರೀಕ್ಷಾಕ ಕೂಡೂ ಮೊದಲ ಇಷ್ಟು ಹೆದರಿದ ಹುಡುಗನ್ನ ನೋಡಿಲ್ಲ. ಸಹಿ ಮಾಡ್ರಿ. ಸೀಗಿ ಹುಣ್ಣಿವಿಯೊಳಗ ತುಣುಕು ಹಸರಾಗಿರಬೇಕು, ಇಲ್ಲಾಂದ್ರ ಸರದ್ಯಾಗ ಇದ್ದವರಿಗೆ ಹೋಗತೈತಿ. ಉಳಿದದ್ದೆಲ್ಲಾ ಸಣ್ಣ ಮಾತು."

ಸ್ಟೀಲಿನ ಡಬರಿಯಲ್ಲಿ ಚೀಟಿ ಹಾಕಿ ಎತ್ತಿಸಿದರು. ನನಗೆ ಹದಿನೇಳು ಬಂತು. ಸುತ್ತ ನಿಂತವರೆಲ್ಲ ಒಟ್ಟಿಗೆ "ಅಯ್ಯ ಪಾಪ" ಎಂದರು.

ಹದಿನೇಳು ಎಂದರೆ ರಸ್ತೆಯ ಮೂಲೆ. ಬೇಲಿ ಬರುವ ಮೊದಲು ದಾರಿಹೋಕರೆಲ್ಲ ಕಸ ಒಗೆಯುತ್ತಿದ್ದ ಜಾಗ. ಮೇಲೆ ಮಣ್ಣು ಹರಡಿದ್ದರಿಂದ ನೋಡಲು ಸಾಧುವಾಗಿತ್ತು. ಜೂನಿನ ಮೊದಲ ಮಳೆ ಬಿದ್ದ ಮರುದಿನ ಗುದ್ದಲಿ ಹಾಕಿದೆ. ನೆಲ ಮೆತ್ತಗೆ ಒಳಗೆ ಹೋಯಿತು. ಯಾವ ನೆಲವೂ ಅಷ್ಟು ಮೆತ್ತಗೆ ಹೋಗಬಾರದು. ಎತ್ತಿದರೆ ಗುದ್ದಲಿಯ ಬಾಯಿಗೆ ಒಂದು ಡೈಪರು ನೇತಾಡುತ್ತಿತ್ತು. ಮಳೆನೀರು ಕುಡಿದು ಉಬ್ಬಿ, ಹುಟ್ಟಿದ ಕೂಸಿನಷ್ಟೇ ತೂಕ. ಆ ಒಂದು ಮೂಲೆಯಿಂದ ಇಪ್ಪತ್ತಮೂರು ತೆಗೆದೆ. ಎಣಿಸಬಾರದಿತ್ತು, ಎಣಿಸಿದೆ.

ಡೈಪರಿನ ಕೆಳಗೆ ಕಲ್ಯಾಣಮಂಟಪ ಇತ್ತು. ಎಲೆ, ಅನ್ನ, ಪ್ಲಾಸ್ಟಿಕ್ ಲೋಟ, ಎಲ್ಲ ಸೇರಿ ಒಂದು ಬೂದು ಗಿಣ್ಣಿನ ಹಾಗೆ ಹೆಪ್ಪುಗಟ್ಟಿತ್ತು. ಅದರ ಕೆಳಗೆ ಕ್ಷೌರದಂಗಡಿ: ಚೀಲಗಟ್ಟಲೆ ಕೂದಲು, ಯಾರ್ಯಾರದೋ, ಕರಿಯದು ಬಿಳಿಯದು ಕೂಡಿ. ಒಂದು ಗೋಣಿಚೀಲ ಬಿಚ್ಚಿದಾಗ ಕೋಳಿಯ ಪುಕ್ಕ ಹಾರಿ ನನ್ನ ಬೆವರಿಗೆ ಅಂಟಿತು. ಒಡೆದ ಗಾಜಿನ ದೇವರ ಪಟಗಳು ಎಂಟೋ ಒಂಬತ್ತೋ. ಮನೆಯಲ್ಲಿ ಇಡಲು ಭಯ, ಕಸದಲ್ಲಿ ಒಗೆಯಲು ಭಯವಿಲ್ಲ. ಗುಟಕಾದ ಚೀಟಿಗಳಂತೂ ಮಣ್ಣಿನ ಹರಳಿಗಿಂತ ಹೆಚ್ಚು. ಮೂಗಿಗೆ ಕರವಸ್ತ್ರ, ಅದರ ಮೇಲೆ ಮಾಸ್ಕು, ಕೈಗೆ ಕಾರ್ಖಾನೆಯ ರಬ್ಬರು ಗವಸು, ಕಾಲಿಗೆ ಗಮ್‌ಬೂಟು. ಆದರೂ ವಾಸನೆ ಕಣ್ಣಿನಿಂದ ಒಳಗೆ ಬರುತ್ತಿತ್ತು. ಎರೆಮಣ್ಣು ಬೂಟಿಗೆ ಮೆತ್ತಿ ಮೆತ್ತಿ, ಒಂದೊಂದು ಹೆಜ್ಜೆಗೆ ಅರ್ಧ ತುಣುಕು ನನ್ನ ಜೊತೆಗೇ ಎದ್ದು ಬರುತ್ತಿತ್ತು. ನನ್ನ ಊರಿನ ಜನರ ಮೇಲೆ ಆ ಹದಿನೈದು ದಿನ ನನಗಿದ್ದ ಅಸಹ್ಯವನ್ನು ಬರೆದರೆ ಓಣಿಯಲ್ಲಿ ತಲೆ ಎತ್ತಿ ತಿರುಗಲಾಗುವುದಿಲ್ಲ. ಒಂದು ಚೀಲದಲ್ಲಿ ನಮ್ಮದೇ ಓಣಿಯ ಮಿಠಾಯಿ ಅಂಗಡಿಯ ಡಬ್ಬಿ ಸಿಕ್ಕಿತು. ಅದು ನಾವು ಕೊಂಡದ್ದೇ ಇರಬಹುದೆಂಬ ಸಂಶಯ ಬಂದು, ಬೇಗ ಮುಚ್ಚಿದೆ.

ಬೆಳಿಗ್ಗೆ ಆರೂವರೆಗೆ ಬಂದು, ಎಂಟರ ತನಕ ತೆಗೆದು, ಶೆಡ್ಡಿನ ಹಿಂದೆ ಬಟ್ಟೆ ಬದಲಿಸಿ ಬೈಪಾಸಿನಲ್ಲಿ ಹಾಯುವ ಕಂಪನಿಯ ಇನ್ನೊಂದು ಬಸ್ಸು ಹತ್ತುತ್ತಿದ್ದೆ. ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಖಾಲಿ ಉಳಿಯತೊಡಗಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಬೇಲಿಯಾಚೆಯಿಂದ ಒಂದು ದನಿ ಬಂತು. "ಫೋಟೋ ಭಾಳ ಛಲೋ ಬಂದಿತ್ತಂತಲ್ರಿ ಸಾಹೇಬ್ರ. ನನಗೂ ಒಂದು ಪ್ರತಿ ಕೊಡ್ರಿ, ಮೊಮ್ಮಗಳಿಗೆ ತೋರಸ್ತೇನಿ."

ರಸ್ತೆಯ ಬದಿಯ ಜಾಲಿಗಿಡದ ಕೆಳಗೆ ಗಂಗವ್ವ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ಓಣಿ ತಪ್ಪಿದ ಮೇಲೆ ಅದೇ ಅವಳ ಅಂಗಡಿ. ನಾನು ಒಂದೇ ಕೈಯಲ್ಲಿ ಗುದ್ದಲಿ ಎತ್ತಿದೆ. ಇನ್ನೊಂದು ಗವಸಿನ ಕೈಯಲ್ಲಿ ಡೈಪರು ಬೇರೆ ಇತ್ತು.

"ಗುದ್ದಲಿ ಹಂಗ ಹಿಡಿದ್ರ ಸಂಜೀಕ ಹಾಸಿಗಿ ಹಿಡೀತೀರಿ," ಎಂದಳು. "ಪಾಟೀಲರಂತ! ಯಾರ ಇಟ್ರ್ಯೋ ಹೆಸರ."

ಅವಳು ಹೇಳಿದ ಹಾಗೆ ಹಿಡಿದೆ. ಬೆನ್ನು ಉಳಿಯಿತು. ತಿಪ್ಪೆಗೊಬ್ಬರ ಎಲ್ಲಿ ಸಿಗುತ್ತದೆ, ಎಷ್ಟು ಹಾಕಬೇಕು ಎಂದು ಹೇಳಿದವಳೂ ಅವಳೇ. ಜುಲೈ ಮೊದಲಲ್ಲಿ ಗೊಬ್ಬರದ ಟ್ರಾಲಿ ಬಂತು. ಕಸ ತೆಗೆದು ಬರಿದಾದ ನೆಲದ ಮೇಲೆ ಈಗ ನಾನೇ ರೊಕ್ಕ ಕೊಟ್ಟು ಸಗಣಿ ಹರಡುತ್ತಿದ್ದೆ. ಪುಟ್ಟಿಯಲ್ಲಿ ತುಂಬುವಾಗ ಬೆರಳು ಗಾತ್ರದ ಬಿಳಿ ಹುಳುಗಳು ಅರ್ಧಚಂದ್ರನ ಹಾಗೆ ಮಡಚಿಕೊಂಡು ಹೊರಳುತ್ತಿದ್ದವು. ಒಂದು ನನ್ನ ಅಂಗಿಯ ತೋಳಿನೊಳಗೆ ಹೋಯಿತು. ಅವತ್ತು ಕಾಂಬಳೆ ಸರ್ ನನ್ನ ಕುಣಿತವನ್ನು ದೂರದಿಂದ ನೋಡಿ, ಭೂಮಿಪೂಜೆ ಮಾಡುತ್ತಿದ್ದೇನೆ ಎಂದುಕೊಂಡರಂತೆ.

ಹಕ್ಕರಕಿಯ ಬೀಜ ಕೇಳಲು ಅಂಗಡಿಗೆ ಹೋದರೆ ಅಂಗಡಿಯವನು ನಕ್ಕ. "ಅದಕ್ಕ ಬೀಜಾ ಯಾರ ಕೊಳ್ತಾರ್ರಿ? ಹೊಲದಾಗ ತಾನs ಏಳತೈತಿ." ಹೊಲವಿದ್ದವರ ಸೊಕ್ಕು ಇದು ಎಂದುಕೊಂಡು ಮೆಂತ್ಯ ಮತ್ತು ಮೂಲಂಗಿಯ ಬೀಜ ತಂದು, ದಾರ ಹಿಡಿದು, ಪಟ್ಟಿ ಇಟ್ಟು, ಗೆರೆ ಗೆರೆಯಾಗಿ ಬಿತ್ತಿದೆ.

ಬಿತ್ತಿದ ಮೇಲೆ ಮಳೆ ಕೈಕೊಟ್ಟಿತು. ಹದಿನೆಂಟು ದಿನ ಆಕಾಶ ಬಿಳಿಯ ತಗಡಿನ ಹಾಗೆ ಇತ್ತು. ಎರೆಮಣ್ಣು ಬಿರಿದು ಬೆರಳು ಹೋಗುವಷ್ಟು ಬಾಯಿ ಬಿಟ್ಟಿತು. ನಲವತ್ತು ತುಣುಕಿಗೂ ಗೇಟಿನ ಹತ್ತಿರದ ಬೋರಿನ ನಲ್ಲಿಯೊಂದೇ ದಿಕ್ಕು. ಒಂದು ಬೆಳಿಗ್ಗೆ ನಾನು ಕೊಡ ಹಿಡಿದು ಹೋದಾಗ ಗಂಗವ್ವ ಅಲ್ಲಿ ಕೂತು ತನ್ನ ಬುಟ್ಟಿಯ ಮೂಲಂಗಿಯನ್ನು ತೊಳೆಯುತ್ತಿದ್ದಳು. ಗಟಾರ ಬಿಟ್ಟು ಇಲ್ಲಿಯೇ ತೊಳೆದುಕೊ ಎಂದು ಕಾಂಬಳೆ ಸರ್ ಜೂನಿನಿಂದಲೇ ಅವಳನ್ನು ಒಳಗೆ ಬಿಟ್ಟಿದ್ದರಂತೆ. ನಲ್ಲಿಯ ಸುತ್ತ ಕೆಸರು, ಕೊಳೆತ ಎಲೆ, ನೊಣ. ಕೊಡವನ್ನು ಆ ಕೆಸರಿನಲ್ಲಿ ಇಡಲಾರದೆ ಕಂಕುಳಲ್ಲೇ ಹಿಡಿದು ನಿಂತೆ. ಅದಕ್ಕಿಂತ ಹೆಚ್ಚಾಗಿ, ಫ್ರಿಜ್ಜಿನ ಮೇಲಿನ ಪಟ್ಟಿಯ ಐದನೇ ನಂಬರು ಕಣ್ಣ ಮುಂದೆ ಬಂತು: ಬೋರು ಬತ್ತಬಹುದು.

ಭಾನುವಾರದ ಸಭೆಯಲ್ಲಿ ಎದ್ದು ನಿಂತು ಹೇಳಿದೆ. ನಲ್ಲಿ ಸದಸ್ಯರದು. ಹೊರಗಿನವರು ಬಂದು ರಾಡಿ ಮಾಡುವುದು, ನೀರು ಪೋಲಾಗುವುದು ಸರಿಯಲ್ಲ. ನಲ್ಲಿಗೆ ಒಂದು ಕೀಲಿ ಹಾಕೋಣ. ಯಾರ ಹೆಸರನ್ನೂ ನಾನು ಹೇಳಲಿಲ್ಲ. ನನ್ನ ಪದ್ಧತಿಯೇ ಅದು. ಬಿರಿದ ನೆಲ ನೋಡಿ ಹೆದರಿದ್ದ ಎಲ್ಲರೂ ಕೈ ಎತ್ತಿದರು.

ಕಾಂಬಳೆ ಸರ್ ಮಾತ್ರ ಎತ್ತಲಿಲ್ಲ. ಸೀಮೆಸುಣ್ಣವನ್ನು ಬೆರಳ ನಡುವೆ ತಿರುಗಿಸುತ್ತ ಕೂತಿದ್ದರು. "ನಮ್ಮಜ್ಜ ಊರ ಬಾವಿಯಿಂದ ದೂರ ನಿಂತು, ಯಾರರ ಬಂದು ಕೊಡಕ್ಕ ನೀರ ಹಾಕ್ತಾರೇನಂತ ಕಾಯ್ತಿದ್ದ," ಎಂದರು, ಪಾಠ ಹೇಳುವ ದನಿಯಲ್ಲೇ. "ಆ ಕತಿ ಕೇಳಿ ಬೆಳದಾಂವ ನಾನು. ನೀರಿಗೆ ಕೀಲಿ ಹಾಕೂದು ನನ್ನ ಕೈಲೆ ಆಗಂಗಿಲ್ರಿ ಪಾಟೀಲರ. ಸಭಾ ಠರಾವು ಮಾಡೈತಿ, ಮಾಡ್ರಿ. ಕೀಲಿಕೈ ನೀವs ಇಟ್ಕೋರಿ."

ನನಗೆ ಅವರ ಮಾತು ಅತಿಯೆನಿಸಿತು. ಅದೇನು ಬಾವಿಯ ಕಾಲವೇ? ಇದು ನಿರ್ವಹಣೆಯ ಪ್ರಶ್ನೆ. ಗಾಂಧಿ ಮಾರುಕಟ್ಟೆಗೆ ಹೋಗಿ, ತುಕ್ಕು ಹಿಡಿಯದ ಹಿತ್ತಾಳೆಯ ಕೀಲಿಯನ್ನೇ ಹುಡುಕಿ ತಂದೆ. ಬೆಳಿಗ್ಗೆ ಏಳಕ್ಕೆ ತೆಗೆಯುವುದು, ಎಂಟಕ್ಕೆ ಹಾಕುವುದು, ಕೀಲಿಕೈ ಪ್ಯಾಂಟಿನ ಜೇಬಿಗೆ. ಗಂಗವ್ವ ಆಮೇಲೆ ಗೇಟಿನ ಒಳಗೆ ಬರಲಿಲ್ಲ. ನಲ್ಲಿಯ ಸುತ್ತ ನೆಲ ಒಣಗಿ ಚೊಕ್ಕಟವಾಯಿತು. ನೋಡಲು ಸಮಾಧಾನವಾಗುತ್ತಿತ್ತು.

ಆಗಸ್ಟಿನಲ್ಲಿ ಮಳೆ ತಿರುಗಿ ಬಂತು. ಬಂದದ್ದು ಬಡ್ಡಿ ಸಮೇತ. ಮೆಂತ್ಯ ಬೆರಳುದ್ದ ಎದ್ದು, ಒಂದು ವಾರ ನೀರಿನಲ್ಲಿ ನಿಂತು, ಬುಡದಿಂದ ಕೊಳೆತು ಲೋಳೆಯಾಯಿತು. ಮುಟ್ಟಿದರೆ ಬೆರಳಿಗೆ ಸಿಂಬಳದ ಹಾಗೆ ಅಂಟಿತು. ಮೂಲಂಗಿ ಬದುಕಿತು, ಆದರೆ ಎಲೆಯೆಲ್ಲ ಹಸಿರು ಹುಳುವಿನ ಪಾಲು, ಸೋಸುವ ಜರಡಿಯಂತಾಯಿತು. ಭರ್ಜರಿಯಾಗಿ ಬೆಳೆದದ್ದು ಒಂದೇ, ಕಳೆ. ನಾನು ಬಿತ್ತದ, ಗೆರೆಯಲ್ಲಿ ಇಲ್ಲದ, ನೆಲಕ್ಕೆ ಚಪ್ಪಟೆಯಾಗಿ ಅಂಟಿಕೊಂಡು ಎಲ್ಲ ದಿಕ್ಕಿಗೂ ಎಲೆ ಚಾಚಿದ ಒಂದು ಗಿಡ ಎಲ್ಲೆಂದರಲ್ಲಿ ಏಳತೊಡಗಿತು. ಮುರಿದರೆ ಹಾಲು ಸೋರುತ್ತಿತ್ತು. ಹಾಲು ಸೋರುವ ಗಿಡವೆಲ್ಲ ವಿಷ ಎಂದು ನಾನು ಎಲ್ಲೋ ಓದಿದ್ದೆ. ಗವಸು ಹಾಕಿಕೊಂಡು, ಕುರ್ಪಿಯಲ್ಲಿ ಬುಡ ಎಬ್ಬಿಸಿ, ಕೆಂಪು ಚೀಟಿ ಅಂಟಿಸುವುದೊಂದೇ ಕಡಿಮೆ ಎಂಬಂತೆ, ಹಿಡಿಹಿಡಿಯಾಗಿ ಬೇಲಿಯಾಚೆ ಒಗೆದೆ. ಎರಡು ದಿನ ಬಿಟ್ಟು ಬಂದರೆ ಮತ್ತಷ್ಟು.

"ಇತ್ತಾಗ ಒಗೀರಿ ಸಾಹೇಬ್ರ, ರಸ್ತೇಕ ಬ್ಯಾಡ," ಎಂದು ಜಾಲಿಗಿಡದ ಕೆಳಗಿನಿಂದ ಗಂಗವ್ವ ಕೂಗುತ್ತಿದ್ದಳು. "ಹಾಂ, ಇಲ್ಲೆ. ಇನ್ನs ಇದ್ರ ಒಗೀರಿ."

"ಆಡು ತಿಂತಾವೇನವಾ ಇದನ್ನ?"

"ತಿಂತಾವ್ರಿ. ಪಾಪ, ಭಾಳ ರುಚಿ ಮಾಡಿ ತಿಂತಾವ."

ಅವಳಿಗೆ ಇಷ್ಟಾದರೂ ಉಪಕಾರವಾಯಿತಲ್ಲ ಎಂದು ನನಗೆ ಒಳಗೊಳಗೇ ಹಗುರಾಯಿತು. ಮನೆಯಲ್ಲಿ ಶಾಂತಾಳ ಅರ್ಧ ರೊಟ್ಟಿ ಅರ್ಧವಾಗಿಯೇ ಇತ್ತು. ಹೊಲ ನೋಡಲು ಬಾ ಎಂದರೆ, "ಹಸರಾದ ಮ್ಯಾಲೆ ಕರೀರಿ" ಎನ್ನುತ್ತಿದ್ದಳು. ದಸರೆ ಮುಗಿಯುವಷ್ಟರಲ್ಲಿ ನನಗೆ ಗೊತ್ತಾಗಿತ್ತು: ತುಣುಕು ಉಳಿಯಬಹುದು, ಷರತ್ತು ಉಳಿಯುವುದಿಲ್ಲ. ತೂತುಬಿದ್ದ ಮೂಲಂಗಿಯ ಎಲೆಯನ್ನು, ಅದರ ತೂತಿನ ಮಾಲೀಕರ ಸಮೇತ, ಹಸಿಯಾಗಿ ಯಾರ ತಾಟಿಗೂ ಹಾಕುವಂತಿರಲಿಲ್ಲ.

ಸೀಗಿ ಹುಣ್ಣಿವಿಯ ದಿನ ಹೊಲವಿದ್ದವರೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಐದು ಕಲ್ಲು ಇಟ್ಟು ಭೂಮಿತಾಯಿಯ ಪೂಜೆ ಮಾಡಿ, ಅಡುಗೆಯನ್ನೆಲ್ಲ ಕಲಸಿ ಬೆಳೆಯ ಸುತ್ತ ಚರಗ ಚೆಲ್ಲಿ, ಅಲ್ಲಿಯೇ ಉಣ್ಣುತ್ತಾರೆ. ನಮ್ಮ ನಲವತ್ತು ತುಣುಕಿನ ರೈತರೂ ಅದನ್ನು ಬಿಡಲಿಲ್ಲ. ಕಾರು, ಸ್ಕೂಟರು, ಆಟೋ ತುಂಬ ಟಿಫಿನ್ ಡಬ್ಬಿ, ರೇಷ್ಮೆ ಸೀರೆಯ ಕೆಳಗೆ ಕೆಸರು. ಐದು ಕಲ್ಲಿಗೆ ನಾನು ಪರದಾಡಲಿಲ್ಲ. ನಾಲ್ಕು ತಿಂಗಳಿಂದ ನಾನು ತೆಗೆದದ್ದೇ ಕಲ್ಲು. ಚರಗ ಚೆಲ್ಲಲು ಹೊರಟರೆ ಮೂರು ಹೆಜ್ಜೆಗೆ ಹೊಲ ಮುಗಿದು, ಅರ್ಧ ಕಡಬು ಪಕ್ಕದವರ ಬದನೆಗಿಡಕ್ಕೆ ಬಿತ್ತು. ಕಾಂಬಳೆ ಸರ್ ಪಟ್ಟಿ ಹಿಡಿದು ಬಂದು, ಹದಿನೇಳನ್ನು ನೋಡಿ, "ಹಸರು ಐತಿ. ಇಂಥ ಹಸರು ಅಂತ ನಿಯಮದಾಗ ಇಲ್ಲ" ಎಂದು ಗುರುತು ಹಾಕಿದರು.

ಶಾಂತಾ ಆಟೋದಲ್ಲಿ ಬಂದವಳು ಗೇಟಿನಲ್ಲಿ ಒಬ್ಬಳೇ ಕಾಣಲಿಲ್ಲ. ಜೊತೆಗೆ ಗಂಗವ್ವ. ಜಾಲಿಗಿಡದ ಕೆಳಗೆ ಅವಳನ್ನು ಕಂಡು, ಕೈ ಹಿಡಿದು, ಊಟಕ್ಕೆ ಎಬ್ಬಿಸಿಕೊಂಡೇ ಬಂದಿದ್ದಳು. ಗಂಗವ್ವನ ಉಡಿಯಲ್ಲಿ ನೀರು ತೊಟ್ಟಿಕ್ಕುವ ಒಂದು ದೊಡ್ಡ ಸಿವುಡು.

ಶಾಂತಾ ನನ್ನ ಮೂಲಂಗಿಯನ್ನು ಒಂದು ಕ್ಷಣ ನೋಡಿದಳು. ಪಾಪ, ನಗಲಿಲ್ಲ. ಜಮಖಾನೆ ಹಾಸಿ, ರೊಟ್ಟಿ, ಎಣ್ಣೆಗಾಯಿ, ಅಗಸಿ ಹಿಂಡಿ, ಮೊಸರು ಬಡಿಸಿ, ಕೊನೆಗೆ ಗಂಗವ್ವನ ಸಿವುಡು ಬಿಚ್ಚಿ ತನ್ನ ತಾಟಿಗೆ ಒಂದು ಹಿಡಿ, ನನ್ನ ತಾಟಿಗೆ ಒಂದು ಹಿಡಿ ಹಾಕಿದಳು. ಹಕ್ಕರಕಿ.

"ಹುಣ್ಣಿವಿ ಬಂತು," ಎಂದಳು. "ಮಾತು ಅಂದ್ರ ಮಾತು. ತಿನ್ರಿ."

ನಾನು ಎಲೆಯನ್ನು ನೋಡಿದೆ. ಗಟಾರ ನೆನಪಾಯಿತು. ಎಲೆಯನ್ನು ತಾಟಿನ ಅಂಚಿಗೆ ಸರಿಸಿದೆ.

ಗಂಗವ್ವ ಅದನ್ನು ಕಂಡಳು. "ಯಾಕ್ರಿ ಸಾಹೇಬ್ರ? ನಿಮ್ಮ ಹೊಲದ್ದು ನಿಮಗ ಹೇಸಿಗಿ ಏನ್ರಿ?"

"ನನ್ನ ಹೊಲದ್ದು?"

"ಮತ್ತ? ಎರಡು ತಿಂಗಳಾತು, ದಿನಾ ಬೇಲಿ ಮ್ಯಾಲಿಂದ ಒಗದವರು ಯಾರು? ತಿಪ್ಪಿಗೊಬ್ಬರದಾಗ ಬೀಜ ಬಂದಿತ್ರಿ. ನೀವು ಬ್ಯಾರು ಸಮೇತ ಎಬ್ಬಿಸಿ ಕೊಡ್ತಿದ್ರಿ, ನಾ ಆರಿಸಿ ಸಿವುಡ ಕಟ್ಟಿ ಮಾರತಿದ್ದೆ. ಇದು ಇವತ್ತ ಮುಂಜಾನೆ ಒಗದದ್ದು."

"ನೀನು ಆಡಿಗೆ ಅಂದಿದ್ದಿ!"

"ನನ್ನ ಹತ್ರ ಆಡು ಎಲ್ಲಿ ಅದಾವ್ರಿ?"

"ಮೊದಲs ಹೇಳಬಾರದೇನವಾ?"

"ಹೇಳಿದ್ರ ನೀವು ಫೋಟೋ ತಗೀತಿದ್ರಿ."

ಶಾಂತಾ ನಕ್ಕಳು. ಎಷ್ಟೋ ತಿಂಗಳಿಂದ ಕೇಳದಿದ್ದ ನಗು ಅದು. ತಾಟು ಅಲುಗಾಡುವಷ್ಟು ನಕ್ಕಳು. "ರೊಟ್ಟಿ ಜೋಡಿ ಮೂವತ್ತು ವರ್ಷ ತಿಂದೀರಿ, ನೆಲದಾಗ ಗುರತ ಹಿಡೀಲಿಲ್ಲಲ್ರಿ! ಹೋಗಲಿ ಬಿಡ್ರಿ. ನಿಮ್ಮ ಹೊಲದ ತಪ್ಪಲ, ನನ್ನ ತಾಟು. ನೀವು ಗೆದ್ರಿ."

"ಅವರೆಲ್ಲಿ ಗೆದ್ರು?" ಎಂದಳು ಗಂಗವ್ವ. "ಬ್ಯಾರು ಅವರ್ದು, ತಪ್ಪಲ ನಂದು."

ಗೆದ್ದೆ. ಆ ಇಡೀ ಮಳೆಗಾಲದಲ್ಲಿ ಮೊದಲ ಸಲ ನನಗೆ ಯಾವುದರ ಮೇಲೂ ಅಸಹ್ಯ ಇರಲಿಲ್ಲ. ನಾನು ಬಗೆದು ಸೋಸಿದ ಮಣ್ಣು, ನಾನು ಹೊತ್ತ ಗೊಬ್ಬರ, ನಾನು ಬಿತ್ತದಿದ್ದರೂ ನನ್ನ ಹೊಲದಲ್ಲೇ ಎದ್ದ ಎಲೆ. ತಾಟಿನ ಅಂಚಿಗೆ ಸರಿಸಿದ್ದನ್ನು ಹಿಡಿಯಾಗಿ ಎತ್ತಿ, ರೊಟ್ಟಿಗೆ ಸುತ್ತಿ, ಹಿಂಡಿ ಹಚ್ಚಿ ತಿಂದೆ. ಸಣ್ಣ ಕಹಿ, ಹಿಂದೆಯೇ ಸಿಹಿ, ಹಲ್ಲಿಗೆ ಕುರುಕುರು. ಎರಡನೇ ರೊಟ್ಟಿ ಕೇಳಿದೆ. ಶಾಂತಾ ತಾನೂ ಎರಡನೆಯದು ಮುರಿದುಕೊಂಡಳು. ಅವಳ ಬಳೆ ಮಣಿಕಟ್ಟಿನಲ್ಲೇ ಇತ್ತು, ಅಥವಾ ನನಗೆ ಹಾಗೆ ಕಂಡಿತು.

ಮೂರನೇ ತುತ್ತಿಗೆ ನನ್ನ ಗುಣ ತಿರುಗಿ ಬಂತು. ತಮಾಷೆಗೆ ಕೇಳಿದ ಹಾಗೆ ಕೇಳಿದೆ, "ಗಂಗವ್ವ, ತೊಳದಿಯಲ್ಲ ಇದನ್ನ?"

"ತೊಳೀಲಾರದ ಹುಣ್ಣಿವಿ ಊಟಕ್ಕ ತರ್ತಾರೇನ್ರಿ? ಮೂರು ಸಲ ತೊಳದೇನಿ."

"ಎಲ್ಲೆ?"

ಗಂಗವ್ವ ತುತ್ತು ಬಾಯಿಗೆ ಇಡುತ್ತ, ಎಡಗೈಯನ್ನು ಬೇಲಿಯಾಚೆ, ರಸ್ತೆಯಾಚೆ, ಗಟಾರದ ಕಡೆ ಚಾಚಿದಳು. "ಮತ್ತೆಲ್ಲೆರಿ?" ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅಲ್ಲಿಯೇ ನಿಂತಿದ್ದ ಕಾಂಬಳೆ ಸರ್ ತಮ್ಮ ಪಟ್ಟಿಯನ್ನು ಓದತೊಡಗಿದರು. ಅದರಲ್ಲಿ ಓದುವಂಥದ್ದು ಏನೂ ಉಳಿದಿರಲಿಲ್ಲ. ಶಾಂತಾ ನನ್ನ ಕಡೆ ನೋಡಲಿಲ್ಲ, ಜಗಿಯುವುದನ್ನೂ ನಿಲ್ಲಿಸಲಿಲ್ಲ.

ಹಾವು ಕಚ್ಚಲಿಲ್ಲ. ಧನುರ್ವಾಯು ಆಗಲಿಲ್ಲ. ಸಂಘ ಓಡಿಹೋಗಲಿಲ್ಲ, ಅಮೀನ ಬರಲಿಲ್ಲ, ಬೋರು ಬತ್ತಲಿಲ್ಲ, ಲಾರಿ ಮಲಗಲಿಲ್ಲ. ಆ ಹಕ್ಕರಕಿ ತಿಂದು ನನ್ನ ಹೊಟ್ಟೆ ಕೂಡ ಕೆಡಲಿಲ್ಲ, ಕೆಟ್ಟಿದ್ದರೆ ಚೆನ್ನಾಗಿತ್ತು. ಫ್ರಿಜ್ಜಿನ ಪಟ್ಟಿಯಲ್ಲಿ ಇಲ್ಲದ ಒಂದು ಸಣ್ಣದು ಮಾತ್ರ ಆಗಿತ್ತು. ಜಮಖಾನೆಯ ಮೇಲೆ ಚಕ್ಕಳಬಕ್ಕಳ ಕೂತ ನನ್ನ ತೊಡೆಗೆ ಆಗಿನಿಂದ ಏನೋ ಚುಚ್ಚುತ್ತಿತ್ತು. ಕಲ್ಲಿರಬೇಕೆಂದು ಕೈ ಹಾಕಿದೆ. ನಲ್ಲಿಯ ಕೀಲಿಕೈ.